ಮಳೆ ಎಷ್ಟು ಬಂತು? ಎಷ್ಟು ದಿನ ಬಂತು?



"ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ." ಈ ಗಾದೆ ನಮಗೆಲ್ಲ ಗೊತ್ತು. ಮೊನ್ನೆ ನಮ್ಮ ಕಲಿಕಾ ಕೇಂದ್ರದಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದೆ. ಎಲ್ಲರೂ ಅಕ್ಷರ ಕೂಡಿಸಿ ಓದಿದರು. ಹಿಂದೆ ಕುಳಿತಿದ್ದ ಅಜ್ಜಿ ಮಾತ್ರ ಒಪ್ಪಲಿಲ್ಲ.

"ಟೀಚರಮ್ಮ, ಈಗ ಮಳೆ ಬಂದರೂ ಕೇಡು, ಬರದಿದ್ದರೂ ಕೇಡು. ಮೊದಲು ಆರಿದ್ರಾ ಮಳೆ ಜಿಟಿಜಿಟಿ ಅಂತ ದಿನಗಟ್ಟಲೆ ಹಿಡಿಯೋದು. ಈಗ ಒಂದೇ ದಿನ ಸುರೀತದೆ. ಹೊಲದ ಮಣ್ಣೇ ಕೊಚ್ಚಿ ಹೋಗ್ತದೆ" ಅಂದರು.

ಅಜ್ಜಿ ಹೇಳಿದ್ದು ನಿಜವೇ? ಲೆಕ್ಕ ಏನು ಹೇಳುತ್ತದೆ? ನೋಡೋಣ.

ಲೆಕ್ಕ ಇಟ್ಟವರು ಯಾರು?

ಭಾರತದ ಹವಾಮಾನ ಇಲಾಖೆ 1875ರಲ್ಲಿ ಶುರುವಾಯಿತು. ಈ ಇಲಾಖೆ ಮಳೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವುದು ಮುಂಗಾರು. ದೇಶದ ಸರಾಸರಿ ಮುಂಗಾರು ಮಳೆ ಸುಮಾರು 870 ಮಿ.ಮೀ. ಇದು 1971ರಿಂದ 2020ರವರೆಗಿನ 50 ವರ್ಷಗಳ ಸರಾಸರಿ. ಒಂದು ವರ್ಷದ ಮಳೆ ನೋಡಿ ಕಾಲ ಬದಲಾಯಿತು ಅನ್ನಲು ಆಗುವುದಿಲ್ಲ. ಬಹಳ ವರ್ಷಗಳ ಲೆಕ್ಕ ಬೇಕು.

ಏನು ಬದಲಾಗಿದೆ?

ವಿಜ್ಞಾನಿಗಳು ಮಧ್ಯ ಭಾರತದ ಲೆಕ್ಕ ತೆಗೆದು ನೋಡಿದರು. ಒಂದೇ ದಿನ 150 ಮಿ.ಮೀ. ಮೀರಿ, ಬಹಳ ಊರುಗಳ ಮೇಲೆ ಸುರಿಯುವ ಮಳೆ 1950ರಿಂದ 2015ರೊಳಗೆ ಮೂರು ಪಟ್ಟಾಗಿತ್ತು. ಆದರೆ ಅಲ್ಲಿನ ಒಟ್ಟು ಮುಂಗಾರು ಮಳೆ ಹೆಚ್ಚಿರಲಿಲ್ಲ. ಅಜ್ಜಿಯ ಮಾತೂ ಇದೇ ಅಲ್ಲವೇ?

ನಮ್ಮ ರಾಜ್ಯದ ಎರಡು ಆಗಸ್ಟ್ ತಿಂಗಳು ನೆನೆಯಿರಿ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಹೊಳೆಗಳು ಉಕ್ಕಿದವು. ಮನೆಗಳು ಬಿದ್ದವು. 2023ರ ಆಗಸ್ಟ್ ಇಡೀ ದೇಶದಲ್ಲಿ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ಆಯಿತು. ಆ ವರ್ಷ ನಮ್ಮ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಸಾರಿತು.

ಯಾಕೆ ಹೀಗೆ?

ಒಗೆದ ಬಟ್ಟೆ ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ಬಿಸಿ ಗಾಳಿ ಹೆಚ್ಚು ನೀರು ಹೀರುತ್ತದೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಟ್ಟಾಗ ಹೊಗೆಯ ಜೊತೆ ಒಂದು ಅನಿಲ ಬರುತ್ತದೆ. ಅದು ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಬಿಸಿಯನ್ನು ಹಿಡಿದಿಡುತ್ತದೆ. 1901ರಿಂದ 2018ರೊಳಗೆ ನಮ್ಮ ದೇಶದ ಸರಾಸರಿ ಬಿಸಿ ಸುಮಾರು 0.7 ಡಿಗ್ರಿ ಏರಿತು. 1901ರಿಂದ 2024ರವರೆಗೆ ನೋಡಿದರೆ 2024ನೇ ವರ್ಷವೇ ಅತಿ ಬಿಸಿ.

ಬಿಸಿಯಾದ ಗಾಳಿ ಹೊಲದ ತೇವ ಹೀರುತ್ತದೆ. ಸಮುದ್ರದ ನೀರನ್ನೂ ಹೆಚ್ಚು ಹೊತ್ತು ತರುತ್ತದೆ. ಸುರಿದಾಗ ಒಮ್ಮೆಲೇ ಸುರಿಯುತ್ತದೆ.

ಇದರಿಂದ ನಷ್ಟ ಏನು?

ತುಳಸಿ ಕಟ್ಟೆಗೆ ದಿನಾ ಒಂದು ಚೊಂಬು ನೀರು ಹಾಕಿ. ಗಿಡ ಚಿಗುರುತ್ತದೆ. ಒಂದೇ ಸಲ ಒಂದು ಕೊಡ ಸುರಿಯಿರಿ. ನೀರು ಹೊರಗೆ ಹೋಗುತ್ತದೆ, ಮಣ್ಣೂ ಹೋಗುತ್ತದೆ. ಹೊಲವೂ ಹಾಗೇ. ಬಾವಿಗೂ ನೀರು ಇಂಗುವುದಿಲ್ಲ. ಆಮೇಲೆ ಕೊಡ ಹೊತ್ತು ದೂರ ನಡೆಯುವವರು ನಾವೇ.

ನಾವೇನು ಮಾಡಬಹುದು?

ಈಗ ನಮಗೆ ಅಂಕಿ ಬರೆಯಲು ಬರುತ್ತದೆ. ತಳ ಸಪಾಟಾಗಿರುವ, ಬದಿ ನೆಟ್ಟಗಿರುವ ಒಂದು ಡಬ್ಬಿ ತೆಗೆದುಕೊಳ್ಳಿ. ಮರದಿಂದ, ಸೂರಿನಿಂದ ದೂರ, ಬಯಲಲ್ಲಿ ಇಡಿ. ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಇಟ್ಟು ಅಳೆಯಿರಿ. ತಾರೀಖು ಹಾಕಿ ಬರೆಯಿರಿ. ಆಮೇಲೆ ನೀರು ಚೆಲ್ಲಿ, ಡಬ್ಬಿ ಮತ್ತೆ ಇಡಿ. 2.5 ಮಿ.ಮೀ. ಅಥವಾ ಹೆಚ್ಚು ಬಂದರೆ ಅದು ಮಳೆ ದಿನ.

ಬೆಳೆ ಹೋದಾಗ "ಮಳೆ ಸರಿಯಿಲ್ಲ ಸ್ವಾಮಿ" ಅಂದರೆ ಸಾಲದು. ಯಾವ ತಾರೀಖಿನಿಂದ ಎಷ್ಟು ದಿನ ಮಳೆ ಇರಲಿಲ್ಲ ಅಂತ ಅರ್ಜಿಯಲ್ಲಿ ಬರೆಯಬಹುದು. ಪಂಚಾಯಿತಿಯ ಮಳೆ ಮಾಪಕದ ಲೆಕ್ಕ ತೋರಿಸಿ ಅಂತ ಕೇಳಬಹುದು.

ಅಜ್ಜಿಯ ಪುಸ್ತಕದಲ್ಲಿ ಆಗಲೇ ನಾಲ್ಕು ಸಾಲು ತುಂಬಿವೆ.

ಲೆಕ್ಕ ಮಾಡಿ, ಉತ್ತರ ಬರೆಯಿರಿ:

1. ಒಂದು ಊರಿಗೆ 10 ದಿನ, ದಿನಕ್ಕೆ 10 ಮಿ.ಮೀ. ಮಳೆ ಬಂತು. ಇನ್ನೊಂದು ಊರಿಗೆ ಒಂದೇ ದಿನ 100 ಮಿ.ಮೀ. ಬಂತು. ಎರಡೂ ಊರಿನ ಒಟ್ಟು ಮಳೆ ಎಷ್ಟು?

2. ಯಾವ ಊರಿನ ರಾಗಿ ಚೆನ್ನಾಗಿ ಬಂದೀತು? ಯಾಕೆ?