ಕಾಲೇಜು ಬಿಟ್ಟರೆ ರ‍್ಯಾಪರ್ ಆಗ್ತಾರಾ?

ಸವಳಂಗ ರಸ್ತೆಯ ಟೀ ಅಂಗಡಿಯಲ್ಲಿ ಅಕ್ಕನ ಮಗ ಮೊನ್ನೆ ಬಾಂಬ್ ಹಾಕಿದ. “ಮಾಮ, ಇಂಜಿನಿಯರಿಂಗ್ ಬಿಡ್ತೀನಿ. ಬೆಂಗ್ಳೂರಿಗೆ ಹೋಗಿ ರ‍್ಯಾಪ್ ಮಾಡ್ತೀನಿ. ಹನುಮಾನ್‌ಕೈಂಡ್ ಕೆಲಸ ಬಿಟ್ಟೇ ಅಲ್ವಾ ಗೆದ್ದಿದ್ದು?”

ಇನ್ನು ಎರಡೇ ಸೆಮಿಸ್ಟರ್ ಬಾಕಿ. ವಿಷಯ ಗೊತ್ತಾದಾಗಿನಿಂದ ಅಕ್ಕ ಸರಿಯಾಗಿ ಊಟ ಮಾಡಿಲ್ಲ. ಬೈಯೋದು ಸುಲಭ. ಆದರೆ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ?

ಹನುಮಾನ್‌ಕೈಂಡ್ ಎಂಬ ಸೂರಜ್ ಚೆರುಕಾಟ್ ಕೆಲಸ ಬಿಟ್ಟದ್ದು ನಿಜ. ಆದರೆ ಬಿಟ್ಟದ್ದು ಕೊಯಮತ್ತೂರಿನಲ್ಲಿ ಪದವಿ ಮುಗಿಸಿ, ಬೆಂಗಳೂರಿನಲ್ಲಿ ಕಾರ್ಪೊರೇಟ್ ಕೆಲಸ ಮಾಡಿದ ಮೇಲೆ. ಮೊದಲ ಇಪಿ ‘ಕಳರಿ’ ಬಂದದ್ದು 2019ರಲ್ಲಿ. ಜಗತ್ತು ತಿರುಗಿ ನೋಡಿದ ‘ಬಿಗ್ ಡಾಗ್ಸ್’ ಬಂದದ್ದು 2024ರ ಜುಲೈನಲ್ಲಿ. ನಡುವಿನ ಐದು ವರ್ಷದ ಕಥೆಯನ್ನು ಯಾರೂ ರೀಲ್ಸ್ ಮಾಡಲ್ಲ.

ಬೆಂಗಳೂರಿನ ಬ್ರೋಧಾ ವಿ ಶುರು ಮಾಡಿದ್ದು ಸ್ಟುಡಿಯೋದಲ್ಲಲ್ಲ, ಆರ್ಕುಟ್‌ನಲ್ಲಿ. ಅಲ್ಲಿ ಪ್ರಾಸಕ್ಕೆ ಪ್ರಾಸ ಜಡಿಯುವ ಜಗಳ ನಡೀತಿತ್ತು. ಅಲ್ಲಿ ಸಿಕ್ಕ ಗೆಳೆಯರ ಜೊತೆ ‘ಮಚ್ಚಾಸ್ ವಿತ್ ಆಟಿಟ್ಯೂಡ್’ ತಂಡ ಕಟ್ಟಿದರು. 2012ರಲ್ಲಿ ‘ಆತ್ಮ ರಾಮ’ ಬಂತು, ಮರುವರ್ಷ ‘ಚೆನ್ನೈ ಎಕ್ಸ್‌ಪ್ರೆಸ್’ ಸಿನಿಮಾದಲ್ಲಿ ಹಾಡಿದರು. ಮುಂಬೈನ ನೇಜಿ 2014ರಲ್ಲಿ ‘ಆಫತ್’ ಹಾಡನ್ನು ಮಾಡಿದ್ದು ಒಂದು ಐಪ್ಯಾಡ್‌ನಲ್ಲಿ. ಹಾಸನ ಜಿಲ್ಲೆಯ ಚಂದನ್ ಶೆಟ್ಟಿ ‘3 ಪೆಗ್’ ಮನೆಮಾತಾಗುವ ಮುಂಚೆ ಅರ್ಜುನ್ ಜನ್ಯ ಬಳಿ ಸಹಾಯಕರಾಗಿದ್ದರು. 2018ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದಾಗ ಅವರು ಸಿನಿಮಾ ಸಂಗೀತದಲ್ಲಿ ಆಗಲೇ ಪಳಗಿದ್ದರು.

ಇವರೆಲ್ಲರ ಹಾದಿ ಬೇರೆ. ಆದರೂ ಎರಡು ಸಂಗತಿ ಒಂದೇ. ಕೈಗೆ ಸಿಕ್ಕಿದ ಸಾಧನದಲ್ಲೇ ಶುರು ಮಾಡಿದರು. ಹೆಸರು ಬರೋಕೆ ಮುಂಚೆ ವರ್ಷಗಟ್ಟಲೆ ದುಡಿದರು.

ಮೂರನೆಯದು ಹಿಪ್‌ಹಾಪ್ ಹುಟ್ಟಿನಲ್ಲೇ ಇದೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ರೆಕಾರ್ಡ್ ತಿರುಗಿಸಿದ್ದು ತಂಗಿ ಇಟ್ಟಿದ್ದ ಪಾರ್ಟಿಯಲ್ಲಿ. ಶಾಲೆಗೆ ಹೊಸ ಬಟ್ಟೆ ಕೊಳ್ಳೋಕೆ ಅವಳಿಗೆ ದುಡ್ಡು ಬೇಕಿತ್ತು. ಜಾಗ, ಅವರಿದ್ದ ಅಪಾರ್ಟ್‌ಮೆಂಟಿನದೇ ಹಾಲ್. ಆಗಿನ ಬ್ರಾಂಕ್ಸ್ ಅಂದರೆ ಕೆಲಸ ಹೋಗಿ, ಮನೆಗಳು ಸುಟ್ಟು, ಸರ್ಕಾರ ಕೈಬಿಟ್ಟ ಊರು. ಅಲ್ಲಿನ ಮಕ್ಕಳು ತಮ್ಮ ಬೀದಿಯ ಮಾತನ್ನೇ ಹಾಡಿದರು.

ಇದನ್ನೆಲ್ಲ ಹೇಳಿ, “ನೀನೇನು ಬರೆದಿದೀಯ, ತೋರ್ಸು” ಅಂದೆ. ಫೋನ್‌ನಲ್ಲಿದ್ದ ಹಾಡು ಬೆಂಗಳೂರಿನ ಟ್ರಾಫಿಕ್ ಬಗ್ಗೆ. ಅವನು ಬೆಂಗಳೂರು ನೋಡಿರೋದು ಎರಡು ಸಲ.

“ನಿನ್ನ ಅಜ್ಜ ವಿಐಎಸ್‌ಎಲ್‌ನಲ್ಲಿ ಜೀವ ತೇದವರು ಕಣೋ,” ಅಂದೆ. ಭದ್ರಾವತಿಯಲ್ಲಿ ಎಂಪಿಎಂ ಪೇಪರ್ ಮಿಲ್ ನಿಂತು ವರ್ಷಗಳಾದವು. 2023ರಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚುವ ನಿರ್ಧಾರ ಬಂದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಬ್ರಾಂಕ್ಸ್‌ನ ನೋವು ಸವಳಂಗ ರಸ್ತೆಯಿಂದ ಅರ್ಧ ಗಂಟೆ ದೂರದಲ್ಲೇ ಇದೆ. ಅದನ್ನು ಹಾಡೋಕೆ ಕಾಲೇಜು ಬಿಡಬೇಕಾಗಿಲ್ಲ.

ಹುಡುಗ ಒಪ್ಪಿದ ಅಂತ ಸುಳ್ಳು ಹೇಳಲ್ಲ. ಟೀ ಲೋಟ ಕೆಳಗಿಟ್ಟು ಒಂದೇ ಮಾತು ಕೇಳಿದ: “ಮಾಮ, ಅಜ್ಜ ಆ ಕಥೆ ಎಲ್ಲ ನಂಗೆ ಹೇಳ್ತಾರಾ?”

ಭಾನುವಾರ ಇಬ್ಬರೂ ಭದ್ರಾವತಿಗೆ ಹೊರಟಿದ್ದೇವೆ.