ಬುಡಕ್ಕೆ ಜಲ್ಲಿಯೋ, ತರಗೋ?

ಮನೆ ಮುಂದಿನ ಗಿಡದ ಬುಡಕ್ಕೆ ಜಲ್ಲಿ ಸುರಿಯುವುದು ಹೆಚ್ಚಾಗಿ ಅಂದಕ್ಕೆ. ಆದರೆ ಅಂದಕ್ಕೆಂದು ಸುರಿದ ಕಲ್ಲೂ ಸುಮ್ಮನೆ ಕೂತಿರುವುದಿಲ್ಲ. ನೆಲದ ತೇವ ಗಾಳಿಯ ಪಾಲಾಗದಂತೆ ತಡೆಯುತ್ತದೆ.

ಬಿಸಿಲಿಗೆ ಮೇಲ್ಮಣ್ಣು ಆರುತ್ತಿದ್ದಂತೆ ಕೆಳಗಿನ ನೀರು ಕಣಗಳ ನಡುವಿನ ಸಂದುಗಳಲ್ಲಿ, ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ, ಮೇಲೇರುತ್ತದೆ. ಸಂದು ಕಿರಿದಾದಷ್ಟೂ ಏರಿಕೆ ಹೆಚ್ಚು. 1 ಮಿ.ಮೀ. ಒಳ ಅಗಲದ ಗಾಜಿನ ಕೊಳವೆಯಲ್ಲಿ ನೀರು ಸುಮಾರು 3 ಸೆಂ.ಮೀ. ಏರಿ ನಿಲ್ಲುತ್ತದೆ. ಅಗಲವನ್ನು ಅದರ ನೂರನೇ ಒಂದು ಪಾಲಿಗೆ ಇಳಿಸಿದರೆ, ಲೆಕ್ಕದ ಪ್ರಕಾರ, 3 ಮೀಟರ್. ಜಲ್ಲಿಕಲ್ಲುಗಳ ನಡುವಿನ ಸಂದು ಇದಕ್ಕೆಲ್ಲ ತೀರ ದೊಡ್ಡದು. ಮೇಲೇರಿ ಬಂದ ನೀರಿಗೆ ಕಲ್ಲಿನ ಕೆಳಗೇ ದಾರಿ ಮುಗಿಯುತ್ತದೆ. ಮುಂದೆ ಹೋಗಬೇಕಾದರೆ ಅದು ಆವಿಯಾಗಿ, ಕಲ್ಲುಗಳ ನಡುವೆ ನಿಂತ ಗಾಳಿಯನ್ನು ದಾಟಬೇಕು. ಅದು ಬಹಳ ನಿಧಾನದ ಪಯಣ. ಮಳೆಗಾಲದಲ್ಲಿ ಇದೇ ಕಲ್ಲು ಇನ್ನೊಂದು ಉಪಕಾರ ಮಾಡುತ್ತದೆ. ದಪ್ಪ ಹನಿಯೊಂದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬಂದು ಬಡಿಯುತ್ತದೆ. ಬರಿ ಕೆಂಪುಮಣ್ಣಾದರೆ ಕಣ ಚೆದುರಿ, ಆರಿದ ಮೇಲೆ ಹೆಪ್ಪುಗಟ್ಟುತ್ತದೆ. ಕಲ್ಲಿದ್ದರೆ ಪೆಟ್ಟು ಕಲ್ಲಿಗೆ, ನೀರು ನೆಲಕ್ಕೆ.

ಈ ಗುಟ್ಟು ನಮ್ಮ ಉತ್ತರದ ರೈತರಿಗೆ ಚೆನ್ನಾಗಿ ಗೊತ್ತು. ಕೊಪ್ಪಳ, ಗದಗ ಕಡೆಯ ಎರೆಹೊಲಗಳಿಗೆ ಹಳ್ಳದ ಉಸುಕು ಹೇರಿ ಹರಡುವ ರೂಢಿಯಿದೆ. ಬಿರುಕು ಬಿಡುವ ಕರಿಮಣ್ಣಿನ ತೇವ ಹಿಡಿಯಲು ಅದೇ ಹೊದಿಕೆ. ಚೀನಾದ ಗಾನ್ಸು ಪ್ರಾಂತದಲ್ಲಿ ಹೊಲಕ್ಕೆ ಕಲ್ಲು, ಮರಳು ಹಾಸಿ ಕಲ್ಲಂಗಡಿ ಬೆಳೆಯುವ ಪದ್ಧತಿಗೆ ಕೆಲವು ಶತಮಾನಗಳ ವಯಸ್ಸು. ಆದರೆ ದಶಕಗಳು ಕಳೆದಂತೆ ಕಲ್ಲಿನೊಳಗೆ ಮಣ್ಣು ಸೇರಿ ಆ ಹೊಲಗಳು ಮುದಿಯಾಗುತ್ತವೆ. ಸಂದು ತುಂಬಿತೆಂದರೆ ನೀರಿಗೆ ಮತ್ತೆ ಏಣಿ ಸಿಕ್ಕ ಹಾಗೆಯೇ.

ಹಾಗಾದರೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂ ಸುತ್ತಿನ ಗದ್ದೆಗೂ ಜಲ್ಲಿ ಹಾಸೋಣವೇ? ಬೇಡವೇ ಬೇಡ. ಮಂಡ್ಯ, ಮದ್ದೂರು, ಮಳವಳ್ಳಿಯ ಬೆಳೆ ನಾಲೆಯ ನೀರಿನದು, ಪ್ರತಿ ಬೆಳೆಗೂ ನೆಲ ಉಳಬೇಕು. ಹಾಸಿದ ಜಲ್ಲಿ ಒಂದೇ ಉಳುಮೆಗೆ ಮಣ್ಣಿನೊಳಗೆ ಸೇರುತ್ತದೆ. ಆಮೇಲೆ ಆಯ್ದು ತೆಗೆಯುವವರು ಯಾರು? ಹಗಲಿನ ಕಾವನ್ನು ಹಿಡಿದಿಟ್ಟು ರಾತ್ರಿ ಬಿಡುವ ಕಲ್ಲು ನಮ್ಮ ಏಪ್ರಿಲ್‌ ಸೆಕೆಯಲ್ಲಿ ಎಳೆಸಸಿಗೆ ಹಿತವೂ ಅಲ್ಲ. ಎಲ್ಲಕ್ಕಿಂತ ಮುಖ್ಯ, ಜಲ್ಲಿ ಕೊಳೆಯುವುದಿಲ್ಲ. ಮಣ್ಣಿಗೆ ಒಂದು ಗುಲಗಂಜಿ ಗೊಬ್ಬರವೂ ಸೇರುವುದಿಲ್ಲ.

ವಿ.ಸಿ. ಫಾರಂ ಎಂದರೆ ಅನೇಕರಿಗೆ ಮೊದಲು ನೆನಪಾಗುವುದು ವಿಜ್ಞಾನಿ ಲಕ್ಷ್ಮಣಯ್ಯನವರು ರೂಪಿಸಿದ ಇಂಡಾಫ್ ರಾಗಿ ತಳಿಗಳು. ಆದರೆ ಅದು ಕಬ್ಬಿನ ಸಂಶೋಧನೆಯ ನೆಲವೂ ಹೌದು, ಮತ್ತು ಕಬ್ಬಿನ ಸೀಮೆಗೆ ತಕ್ಕ ಹೊದಿಕೆ ಕಬ್ಬಿನ ಗದ್ದೆಯಲ್ಲೇ ಬಿದ್ದಿರುತ್ತದೆ. ಕಟಾವಾದ ಮೇಲೆ ಉಳಿಯುವ ತರಗನ್ನು ಕೂಳೆಬೆಳೆಯ ಸಾಲುಗಳ ನಡುವೆ ಹರಡಿದರೆ ಅದೂ ಜಲ್ಲಿಯಂತೆಯೇ ಬಿಸಿಲು, ಗಾಳಿ ತಡೆಯುತ್ತದೆ, ಕಳೆಯನ್ನು ಅಡಗಿಸುತ್ತದೆ, ಕೊನೆಗೆ ತಾನೇ ಗೊಬ್ಬರವಾಗುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳು ಮೊದಮೊದಲು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಅದಕ್ಕೆಂದೇ ತರಗಿನ ಮೇಲೆ ಸ್ವಲ್ಪ ಯೂರಿಯಾ ಎರಚುವುದು. ಇಷ್ಟಾದರೂ ಬೆಂಕಿಕಡ್ಡಿ ಗೀರುವವರು ಇದ್ದಾರೆ. ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಗೊಬ್ಬರವೂ ಹೊಗೆಯಾಗಿ ಹೋಗುತ್ತದೆ.

ಜಲ್ಲಿಗೆ ಸರಿಯಾದ ಜಾಗ ಕೈತೋಟ. ಕಳ್ಳಿ ಜಾತಿಯ ಗಿಡ, ಕುಂಡ, ನಡೆಯುವ ದಾರಿ, ಮಳೆನೀರು ಚಿಮ್ಮುವ ಗೋಡೆಯ ಬುಡ. ಅಲ್ಲಿ ಯಾರೂ ಉಳುವುದಿಲ್ಲ. ಮೊದಲು ಕಳೆ ಕಿತ್ತು ನೆಲ ನೆನೆಸಿ. ಕ್ರಷರಿನ ಪುಡಿಯನ್ನು ತೊಳೆದು, ಬೇಬಿ ಜಲ್ಲಿಯನ್ನು ಎರಡು ಇಂಚು ಹರಡಿ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಬೇಡಿ, ಮಳೆ ಇಳಿಯುವುದಿಲ್ಲ. ಗುಲಾಬಿ, ಮಲ್ಲಿಗೆ, ಕರಿಬೇವಿಗಾದರೆ ಒಣ ಎಲೆಯೇ ಮೇಲು.