ಎಮ್ಮೆಗೆ ಹುಗ್ಗಿ ಉಣಿಸಿದ್ದು ನನ್ನದೇ ತಪ್ಪು

ಮೊಮ್ಮಗಳ ತೊಟ್ಟಿಲು ಕಾರ್ಯಕ್ರಮ ಮುಗಿದ ರಾತ್ರಿ. ಮನೆಯಲ್ಲಿ ಗೋಧಿ ಹುಗ್ಗಿ, ಅನ್ನ ಬಹಳ ಉಳಿದಿತ್ತು. ಚೆಲ್ಲಲು ಮನಸ್ಸು ಬರಲಿಲ್ಲ. ಎರಡು ಬಕೆಟ್ ತುಂಬಿ ಹಿತ್ತಲಲ್ಲಿದ್ದ ಎಮ್ಮೆಯ ಮುಂದಿಟ್ಟೆ. ಅದು ಬಕೆಟ್ ನೆಕ್ಕಿ ಸ್ವಚ್ಛ ಮಾಡಿತು. ಪುಣ್ಯದ ಕೆಲಸ ಮಾಡಿದೆ ಅಂದುಕೊಂಡು ಮಲಗಿದೆ.

ಬೆಳಿಗ್ಗೆ ಎಮ್ಮೆ ಏಳಲಿಲ್ಲ. ಎಡಗಡೆ ಹೊಟ್ಟೆ ಉಬ್ಬಿತ್ತು, ಕಣ್ಣು ಒಳಗೆ ಇಳಿದಿದ್ದವು. ಕಣಿಕೆ ಹಾಕಿದರೆ ಮೂಸಿ ನೋಡಲಿಲ್ಲ. ಮೆಲುಕು ನಿಂತಿತ್ತು. ದನದ ಡಾಕ್ಟರು ಬಂದು ಕೇಳಿದ ಮೊದಲ ಮಾತು, "ನಿನ್ನೆ ಏನು ತಿನ್ನಿಸೀರಿ?" ನಾನು ತಲೆ ತಗ್ಗಿಸಿ ಹೇಳಿದೆ. ಅವರು ಸೋಡಾಪುಡಿ ಕಲಸಿದ ನೀರು ಕುಡಿಸಿದರು, ಸಲಾಯಿನ್ ಹಚ್ಚಿದರು. "ಇವತ್ತಿನ ರಾತ್ರಿ ದಾಟಿದರೆ ಉಳೀತದ" ಎಂದರು.

ಆರನೇ ಇಯತ್ತೆಯ ಮೊಮ್ಮಗ ಪಕ್ಕದಲ್ಲೇ ನಿಂತಿದ್ದ. "ಅಜ್ಜಾ, ಅದೇ ಹುಗ್ಗಿ ನಾವೂ ಉಂಡ್ವಿ. ನಮಗೇನೂ ಆಗಲಿಲ್ಲ. ಎಮ್ಮಿಗೆ ಯಾಕ ಹಿಂಗಾತು?"

ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದು ಮುದುಕನಾದ ನನಗೆ ಉತ್ತರ ಗೊತ್ತಿರಲಿಲ್ಲ. ಡಾಕ್ಟರನ್ನು ಕೇಳಿ, ಪುಸ್ತಕ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾಲ್ಕು ಕೋಣೆಯ ಹೊಟ್ಟೆ

ಮಕ್ಕಳೇ, ನಮಗಿರುವುದು ಒಂದೇ ಕೋಣೆಯ ಹೊಟ್ಟೆ. ಹಸು, ಎಮ್ಮೆ, ಆಡು, ಕುರಿಗಳ ಹೊಟ್ಟೆಗೆ ನಾಲ್ಕು ಕೋಣೆ. ಮೊದಲನೆಯದು ರೂಮೆನ್. ದೊಡ್ಡ ದನದಲ್ಲಿ ಇದು 100 ಲೀಟರಿಗೂ ಮಿಕ್ಕಿ ಹಿಡಿಯುವ ಚೀಲ. ದನ ಮೇಯುವಾಗ ಸರಿಯಾಗಿ ಅಗಿಯದೆ ಗಡಿಬಿಡಿಯಲ್ಲಿ ನುಂಗುತ್ತದೆ. ಆಮೇಲೆ ನೆರಳಲ್ಲಿ ಮಲಗಿ, ನುಂಗಿದ್ದನ್ನು ತುತ್ತು ತುತ್ತಾಗಿ ಬಾಯಿಗೆ ತಂದು ಅರೆಯುತ್ತದೆ. ಮೊದಲು ಹಣ ಪೆಟ್ಟಿಗೆಗೆ ಹಾಕಿ, ಕೌಂಟರ್ ಮುಚ್ಚಿದ ಮೇಲೆ ಎಣಿಸಿದ ಹಾಗೆ! ಇದೇ ಮೆಲುಕು. ದಿನಕ್ಕೆ ಆರೆಂಟು ತಾಸು ಇದೇ ಕೆಲಸ.

ಆದರೆ ಹುಲ್ಲನ್ನು ನಿಜವಾಗಿ ಕರಗಿಸುವುದು ದನವಲ್ಲ. ರೂಮೆನ್ನಿನಲ್ಲಿ ವಾಸಿಸುವ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು. ಹುಲ್ಲಿನ ನಾರನ್ನು ಒಡೆಯುವ ಶಕ್ತಿ ನಮ್ಮ ಹೊಟ್ಟೆಯ ರಸಕ್ಕೂ ಇಲ್ಲ, ಎಮ್ಮೆಯ ಹೊಟ್ಟೆಯ ರಸಕ್ಕೂ ಇಲ್ಲ. ಈ ಬಾಡಿಗೆದಾರರಿಗೆ ಇದೆ. ಅವು ನಾರನ್ನು ಹುಳಿ ಹಿಡಿಸಿ ಎಮ್ಮೆಗೆ ಶಕ್ತಿ ಕೊಡುತ್ತವೆ. ಮುಂದೆ ಸಾಗಿ ನಾಲ್ಕನೇ ಕೋಣೆಯಲ್ಲಿ ತಾವೇ ಜೀರ್ಣವಾಗಿ ಪ್ರೋಟೀನೂ ಆಗುತ್ತವೆ.

ಹುಗ್ಗಿ, ಅನ್ನದಲ್ಲಿರುವುದು ಪಿಷ್ಟ ಮತ್ತು ಬೆಲ್ಲ. ನಾವು ಉಂಡರೆ ಅದು ನಮ್ಮ ಸಣ್ಣಕರುಳಿನಲ್ಲಿ ಕರಗಿ ರಕ್ತ ಸೇರುತ್ತದೆ. ಎಮ್ಮೆಯಲ್ಲಿ ಅದು ಮೊದಲು ಸೂಕ್ಷ್ಮಜೀವಿಗಳ ಕೈಗೆ ಸಿಗುತ್ತದೆ. ಪಿಷ್ಟ ತಿನ್ನುವ ಜೀವಿಗಳು ಒಮ್ಮೆಲೇ ಹೆಚ್ಚಿ ಆಮ್ಲ ಸುರಿಸುತ್ತವೆ. ನಾರು ತಿನ್ನುವವು ಸಾಯುತ್ತವೆ. ರೂಮೆನ್ ನಿಂತುಬಿಡುತ್ತದೆ. ಮೈಯೊಳಗಿನ ನೀರೆಲ್ಲ ಹೊಟ್ಟೆಗೆ ಎಳೆದುಕೊಂಡು ಹೋಗುತ್ತದೆ. ಕಣ್ಣು ಒಳಗಿಳಿದದ್ದು ಅದಕ್ಕೇ.

ಕುದುರೆ, ಮೊಲ

ಕುದುರೆಯೂ ಹುಲ್ಲು ತಿನ್ನುತ್ತದೆ, ಆದರೆ ಮೆಲುಕು ಹಾಕುವುದಿಲ್ಲ. ಅದರ ಸೂಕ್ಷ್ಮಜೀವಿಗಳು ಇರುವುದು ಹಿಂದಿನ ದೊಡ್ಡಕರುಳಿನಲ್ಲಿ. ಎಮ್ಮೆಯಷ್ಟು ಚೊಕ್ಕವಾಗಿ ಅದಕ್ಕೆ ನಾರು ಕರಗಿಸಲು ಆಗುವುದಿಲ್ಲ. ಕುದುರೆಯ ಲದ್ದಿ ನೋಡಿ, ಹುಲ್ಲಿನ ಎಳೆ ಹಾಗೇ ಕಾಣುತ್ತದೆ. ಸಗಣಿಯಲ್ಲಿ ಅಷ್ಟು ಕಾಣುವುದಿಲ್ಲ. ಮೊಲದ್ದು ಇನ್ನೂ ವಿಚಿತ್ರ. ತನ್ನ ಮೆತ್ತಗಿನ ಹಿಕ್ಕೆಯನ್ನು ತಾನೇ ತಿಂದು, ಅದೇ ಮೇವಿನಿಂದ ಎರಡನೇ ಸಲ ಸತ್ವ ಪಡೆಯುತ್ತದೆ. ಅದು ಹೊಲಸು ಚಟವಲ್ಲ, ಅದರ ಬದುಕಿಗೆ ಬೇಕಾದದ್ದೇ.

ನಮ್ಮ ಹಿನ್ನೀರಿನ ಪಾಠಶಾಲೆ

ಘಟಪ್ರಭಾ ನದಿಗೆ ನಮ್ಮ ಧುಪದಾಳದಲ್ಲಿ 1897ರಲ್ಲಿ ಕಟ್ಟಿದ ಒಡ್ಡು ಇದೆ. ಅದರ ಹಿನ್ನೀರಿನ ಪ್ರದೇಶ 1974ರಿಂದ ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಡೆಮೊಸೆಲ್ ಕ್ರೇನುಗಳು ಹೊಲದಲ್ಲಿ ಬಿದ್ದ ಕಾಳು ಆರಿಸುತ್ತವೆ. ಹಲ್ಲಿಲ್ಲದೆ ಕಾಳು ಅರೆಯುವುದು ಹೇಗೆ? ಕಾಳು ತಿನ್ನುವ ಹಕ್ಕಿಗಳ ಹೊಟ್ಟೆಯಲ್ಲಿ ಗಟ್ಟಿ ಮಾಂಸದ ಒಂದು ಚೀಲ ಇರುತ್ತದೆ. ಹಕ್ಕಿ ನುಂಗಿದ ಸಣ್ಣ ಹರಳುಗಳು ಅಲ್ಲಿ ಬೀಸುವ ಕಲ್ಲಿನ ಕೆಲಸ ಮಾಡುತ್ತವೆ. ಅಂಗಳದ ಕೋಳಿ ಹರಳು ಹೆಕ್ಕುವುದೂ ಇದಕ್ಕೇ.

ನೀರುಕಾಗೆ ಮೀನನ್ನು ಇಡಿಯಾಗಿ ನುಂಗುತ್ತದೆ, ತಲೆ ಮೊದಲು. ಬಾಲ ಮೊದಲಾದರೆ ರೆಕ್ಕೆಮುಳ್ಳು ಗಂಟಲಿಗೆ ಚುಚ್ಚುತ್ತದೆ. ಕರಗದ ಎಲುಬುಗಳನ್ನು ಉಂಡೆ ಮಾಡಿ ಉಗುಳುತ್ತದೆ. ಗೂಬೆಯೂ ಇಲಿಯ ಕೂದಲು, ಎಲುಬುಗಳನ್ನು ಹೀಗೇ ಉಗುಳುತ್ತದೆ.

ನೀರೊಳಗೆ ರೋಹು, ಕಾಟ್ಲಾ ಮೀನುಗಳಿಗೆ ಹೊಟ್ಟೆಯ ಚೀಲವೇ ಇಲ್ಲ! ಗಂಟಲಲ್ಲಿ ಹಲ್ಲು, ಆಮೇಲೆ ನೇರವಾಗಿ ಉದ್ದನೆಯ ಕರುಳು. ಮಳೆಗಾಲದಲ್ಲಿ ಕಪ್ಪೆಯ ಮರಿ ಗೊದಮೊಟ್ಟೆಯನ್ನು ಗಾಜಿನ ಲೋಟದಲ್ಲಿಟ್ಟು ಕೆಳಗಿನಿಂದ ನೋಡಿ. ಚಕ್ಕುಲಿಯಂತೆ ಸುತ್ತಿದ ಕರುಳು ಕಾಣುತ್ತದೆ. ಪಾಚಿ ತಿನ್ನಲು ಉದ್ದ ಕರುಳು ಬೇಕು. ಅದೇ ಮರಿ ಕಪ್ಪೆಯಾಗಿ ಹುಳ ತಿನ್ನತೊಡಗಿದಾಗ ಕರುಳು ಗಿಡ್ಡವಾಗುತ್ತದೆ. ನೋಡಿದ ಮೇಲೆ ಮರಿಯನ್ನು ನೀರಿಗೆ ಬಿಡಲು ಮರೆಯಬೇಡಿ.

ಎಮ್ಮೆ ಏನಾಯಿತು?

ರಾತ್ರಿ ಮೊಮ್ಮಗನೂ ನಾನೂ ಹಿತ್ತಲಲ್ಲೇ ಕೂತಿದ್ದೆವು. ಎಮ್ಮೆ ಆ ರಾತ್ರಿ ದಾಟಿತು. ಮರುದಿನ ಡಾಕ್ಟರು ನೆರೆಮನೆಯ ಗಟ್ಟಿ ಎಮ್ಮೆಯ ರೂಮೆನ್ನಿನಿಂದ ನಳಿಕೆಯಲ್ಲಿ ಒಂದಿಷ್ಟು ರಸ ತೆಗೆದು ನಮ್ಮದರ ಹೊಟ್ಟೆಗೆ ಹಾಕಿದರು. ಸತ್ತುಹೋಗಿದ್ದ ಬಾಡಿಗೆದಾರರ ಜಾಗಕ್ಕೆ ಹೊಸಬರು! ಮೂರನೇ ದಿನ ಮಧ್ಯಾಹ್ನ ಮೊಮ್ಮಗ ಕೂಗಿದ, "ಅಜ್ಜಾ, ಬಾಯಿ ಆಡಸಾಕತ್ತೇತಿ!" ಮೆಲುಕಿನ ಆ ಕರಕರ ಸಪ್ಪಳಕ್ಕೆ ನನ್ನ ಕಣ್ಣು ತುಂಬಿ ಬಂದವು. ಆದರೆ ಹಾಲು ಮೊದಲಿನಷ್ಟಾಗಲು ಬಹಳ ದಿನ ಬೇಕಾಯಿತು.

ನನ್ನಂಥ ಅಜ್ಜ-ಅಜ್ಜಿಯರಿಗೆ ಒಂದು ಮಾತು. ಊಟ ಉಳಿದರೆ ನೆರೆಹೊರೆಗೆ ಹಂಚಿರಿ, ಕೆಟ್ಟದ್ದನ್ನು ತಿಪ್ಪೆಗೆ ಹಾಕಿರಿ, ದನಕ್ಕೆ ಬಕೆಟ್‌ಗಟ್ಟಲೆ ಇಡಬೇಡಿರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀದಿಗೆ ಎಸೆಯಲೇಬೇಡಿರಿ. ದನ ಚೀಲವನ್ನೂ ನುಂಗುತ್ತದೆ, ಅದು ರೂಮೆನ್ನಿನಲ್ಲೇ ಉಳಿಯುತ್ತದೆ. ಮೇವಿನಲ್ಲಿ ಮೊಳೆ, ತಂತಿ ಇದ್ದರೆ ಎರಡನೇ ಕೋಣೆಯಲ್ಲಿ ಕೂತು, ಹತ್ತಿರದಲ್ಲೇ ಇರುವ ಹೃದಯಕ್ಕೂ ಚುಚ್ಚಬಹುದು. ದನ ಮೆಲುಕು ನಿಲ್ಲಿಸಿದರೆ ತಡಮಾಡದೆ ಡಾಕ್ಟರನ್ನು ಕರೆಯಿರಿ. ಪಶು ಸಹಾಯವಾಣಿಯ ಸಂಖ್ಯೆ 1962.

ಮಕ್ಕಳೇ, ನಿಮಗೂ ಒಂದು ಕೆಲಸ. ಮಲಗಿದ ದನದ ಮುಂದೆ ಸದ್ದಿಲ್ಲದೆ ಕೂಡಿರಿ. ಒಂದು ತುತ್ತು ಬಾಯಿಗೆ ಬಂದಾಗಿನಿಂದ ಮತ್ತೆ ನುಂಗುವವರೆಗೆ ಎಷ್ಟು ಸಲ ಅಗಿಯುತ್ತದೆ, ಎಣಿಸಿರಿ. ನಮ್ಮ ಎಮ್ಮೆ ಐವತ್ತರ ಆಸುಪಾಸು ಅಗಿಯುತ್ತದೆ. ಮೊಮ್ಮಗ ರಜೆಗೆ ಬಂದಾಗಲೆಲ್ಲ ಮೊದಲು ಎಣಿಸುವುದು ಅದನ್ನೇ.